ಬೆಲರ್ಮಿನೊ ಲಾರಿಯಿಂದ ಇಳಿದ ಸಿನಿಮಾ

ನನ್ನ ಗಂಡ ಬೇರೊಬ್ಬ ಹೆಂಗಸಿನ ಕೈ ಹಿಡಿದು ಅವಳನ್ನು ಲಾರಿಯಿಂದ ಇಳಿಸಿಕೊಂಡದ್ದನ್ನು ನಾನು ಇಡೀ ಊರಿನವರ ಜೊತೆ ಕೂತು ನೋಡಿದೆ. ಸಿನಿಮಾದಲ್ಲಿ. ನನ್ನ ಅತ್ತೆ ಒಂದು ಪಕ್ಕ, ನನ್ನ ಎರಡು ಮಕ್ಕಳು ಇನ್ನೊಂದು ಪಕ್ಕ.

ರಾಜಧಾನಿ ಕಟ್ಟುವಾಗ ತೆಗೆದ ಆ ಹಳೆಯ ಚಿತ್ರಗಳನ್ನು ಈಗ ಬ್ರಸೀಲಿಯಾದಲ್ಲಿ ತಣ್ಣನೆಯ ಕೋಣೆಯಲ್ಲಿಟ್ಟು ಜೋಪಾನ ಮಾಡುತ್ತಾರೆ. ಓದಿದ ಹುಡುಗಿಯರು ಆಗಾಗ ನಮ್ಮ ಮನೆ ಹುಡುಕಿಕೊಂಡು ಬಂದು ಕಾಫಿ ಕುಡಿಯುತ್ತಾ, "ಅಜ್ಜಿ, ಆ ಲಾರಿ ಬರೋ ದೃಶ್ಯ ನಿಜವಾದ್ದಾ, ಇಲ್ಲ ನಾಟಕವಾ?" ಎಂದು ಕೇಳುತ್ತಾರೆ. ನಾಟಕವೇ ತಾಯಿ, ಅಪ್ಪಟ ನಾಟಕ. ಆದರೆ ಆ ನಾಟಕ ಆಡಿಸಿದ ಪುಣ್ಯಾತ್ಮನ ಹೆಸರಿನಲ್ಲಿ ನಾನು ವರ್ಷಕ್ಕೊಮ್ಮೆ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುತ್ತೇನೆ. ಯಾಕೆಂದು ಕೇಳಿ.

ನಾವು ದೇಶದ ಉತ್ತರದ ಕಡೆಯ ಪರೈಬಾದ ಒಳನಾಡಿನವರು. ಊರು ಪೊಸೊ ದ ಕ್ರೂಸ್. ಬೆಲರ್ಮಿನೊ ಬಡಗಿ. ಬಾಗಿಲು, ತೊಟ್ಟಿಲು, ಶವಪೆಟ್ಟಿಗೆ, ಯಾರಿಗೆ ಏನು ಬೇಕೋ ಅದನ್ನು ಮಾಡಿಕೊಡುತ್ತಿದ್ದ. ದೂರದ ಬಯಲಿನಲ್ಲಿ ಹೊಸ ರಾಜಧಾನಿ ಕಟ್ಟುತ್ತಿದ್ದಾರೆ, ಬಡಗಿಗಳು ಎಷ್ಟಿದ್ದರೂ ಸಾಲದು ಎಂಬ ಸುದ್ದಿ ಬಂದಾಗ ಗರಗಸವನ್ನು ಗೋಣಿಯಲ್ಲಿ ಸುತ್ತಿಕೊಂಡು ಲಾರಿ ಹತ್ತಿದ. ಹಲಗೆ ಹಾಸಿ ಜನರನ್ನು ಸಾಲಾಗಿ ಕೂರಿಸುವ ಆ ಲಾರಿಗೆ ನಮ್ಮವರು ಗಿಳಿಕೋಲು ಎನ್ನುತ್ತಾರೆ. "ಸಂತ ಜಾನರ ಹಬ್ಬದೊಳಗೆ ಕರೆಸ್ಕೋತೀನಿ" ಎಂದು ಹೇಳಿ ಹೋದ.

ಹಬ್ಬ ಬಂತು, ಬೆಂಕಿ ಹಾಕಿದೆವು, ಜೋಳ ಸುಟ್ಟೆವು, ಹಬ್ಬ ಹೋಯಿತು. ಮರುವರ್ಷದ್ದೂ ಹೋಯಿತು. ಅವನಿಗೂ ಅಕ್ಷರ ಬಾರದು, ನನಗೂ ಬಾರದು. ಅಲ್ಲಿಂದ ಮರಳಿ ಬಂದವರ ಬಾಯಲ್ಲೇ ಸುದ್ದಿ ಬರಬೇಕು. ಮೊದಮೊದಲು ಬಂತು, ಆಮೇಲೆ ನಿಂತಿತು. ಹೋದವರು ಯಾರೂ ಮರಳಿ ಬರುತ್ತಿರಲಿಲ್ಲ. ಬದುಕಿದ್ದಾನೋ ಸತ್ತನೋ ಎಂದು ನಾನು ದಿನಾ ಯೋಚಿಸುತ್ತಿದ್ದೆ. ಇನ್ನೊಂದು ಸಂಸಾರ ಹೂಡಿಕೊಂಡಿರಬಹುದು ಎಂಬುದೂ ತಲೆಯಲ್ಲಿತ್ತು, ಆದರೆ ಅದನ್ನು ಬಾಯಿ ಬಿಟ್ಟು ಹೇಳಿದವಳು ಪಕ್ಕದ ಮನೆಯ ಜೊವಿನಾ ಒಬ್ಬಳೇ.

ಅಂಥ ಹೊತ್ತಿನಲ್ಲಿ ಸಿನಿಮಾದ ಗುಮೆರ್ಸಿಂದೊ ಬಂದ. ಜೀಪಿನಲ್ಲಿ ಯಂತ್ರ, ಜನರೇಟರು, ಒಂದು ದೊಡ್ಡ ಬಿಳಿ ಬಟ್ಟೆ. ಅದನ್ನು ಆಡಿನ ಸಂತೆಯ ಬಯಲಿನಲ್ಲಿ ಎರಡು ಕಂಬಕ್ಕೆ ಕಟ್ಟುತ್ತಿದ್ದ. ಬಟ್ಟೆಯ ಮುಂದುಗಡೆ ಟಿಕೆಟಿನವರು, ಮನೆಯಿಂದ ಕುರ್ಚಿ ತಂದು ಕೂರುವವರು. ಹಿಂದುಗಡೆ ನಮ್ಮಂಥವರು, ಪುಕ್ಕಟೆ. ಹಿಂದಿನಿಂದ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತವಂತೆ. ಓದಲು ಬಾರದವರಿಗೆ ಅದರಿಂದ ಏನೂ ನಷ್ಟವಿಲ್ಲ.

ದೊಡ್ಡ ಸಿನಿಮಾಕ್ಕೆ ಮೊದಲು ಸಮಾಚಾರದ ಚಿತ್ರ ಹಾಕಿದ. ಅಧ್ಯಕ್ಷರು ಟೋಪಿ ಬೀಸಿದರು, ಯಂತ್ರಗಳು ಕೆಂಪು ಮಣ್ಣು ಬಗೆದವು. ಮಣ್ಣು ಕಪ್ಪಾಗಿ ಕಾಣುತ್ತಿತ್ತು, ಕೆಂಪೆಂದು ನನಗೆ ತಿಳಿದದ್ದು ಆಮೇಲೆ. ಪಾದ್ರಿಯ ಗಂಟಲಿನ ಒಬ್ಬ ಮಾತಾಡುತ್ತಲೇ ಇದ್ದ: ದೇಶದ ನಾಲ್ಕೂ ಮೂಲೆಯಿಂದ ವೀರರು ಬರುತ್ತಿದ್ದಾರೆ, ಕುಟುಂಬ ಸಮೇತ ಬರುತ್ತಿದ್ದಾರೆ. ಒಂದು ಗಿಳಿಕೋಲು ಬಂದು ನಿಂತಿತು. ಮೀಸೆಯ ಒಬ್ಬ ಗಂಡಸು ಕೆಳಗೆ ಹಾರಿದ, ತಿರುಗಿ ಕೈ ಚಾಚಿದ. ಒಬ್ಬ ಹೆಂಗಸು ಅವನ ಕೈ ಹಿಡಿದು ಇಳಿದಳು. ಅವಳ ತೋಳಿನಿಂದ ಕೂಸನ್ನು ಎತ್ತಿಕೊಂಡ. ಆಮೇಲೆ ನೇರ ನಮ್ಮ ಕಡೆ ನೋಡಿ ಏನೋ ಹೇಳಿದ. ತುಟಿ ಆಡಿತು, ಕೇಳಿಸಿದ್ದು ಮಾತ್ರ ಆ ಪಾದ್ರಿ ಗಂಟಲಿನವನ ಮಾತು.

"ಅಪ್ಪಾ!" ಎಂದು ನನ್ನ ಮಗಳು ನಜರೆ ಕೂಗಿದಳು.

ಬಟ್ಟೆಯ ಹಿಂದೆ ಇದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಅತ್ತೆ ಫಿರ್ಮಿನಾ ಮಾತ್ರ ಕೂತಲ್ಲಿಂದ ಅಲ್ಲಾಡಲಿಲ್ಲ.

"ಅವ್ನು ನನ್ ಮಗ ಅಲ್ಲ," ಎಂದಳು. "ನನ್ ಮಗನ ಹೆಬ್ಬೆರಳು ಗರಗಸಕ್ಕೆ ಸಿಕ್ಕಿ ಮೊಂಡಾಗಿರೋದು ಎಡಗೈದು. ಇವನ್ದು ನೋಡಿದ್ರಾ? ಬಲಗೈ. ಬೇರೆ ಯಾವನೋ ಮೀಸೆಯೋನು. ಸುಮ್ನೆ ಕೂತ್ಕೊಳ್ಳಿ ಎಲ್ರೂ."

ಹೌದಲ್ಲ! ಕೂಸನ್ನು ಎತ್ತಿಕೊಂಡಾಗ ಮೊಂಡು ಬೆರಳು ಕಂಡದ್ದು ಬಲಗೈಯಲ್ಲಿ. ನಾನು ಶಿಲುಬೆ ಗುರುತು ಹಾಕಿಕೊಂಡೆ. ದೊಡ್ಡ ಸಿನಿಮಾ ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕೆ.

ಮರುದಿನ ಬೆಳಿಗ್ಗೆ ಜೊವಿನಾ ಬೇಲಿಯ ಆಚೆಯಿಂದ ಕರೆದಳು. "ಕಿಟೇರಿಯಾ, ನಿನ್ನೆ ರಾತ್ರಿ ಒಂದು ಮಾತು ಹೊಳೀತು ಕಣೇ. ಹಿಂದ್ಗಡೆ ಕೂತ್ರೆ ಎಡ ಬಲ ಎಲ್ಲ ಅದಲು ಬದಲು ಆಗುತ್ತಲ್ವಾ? ನಂಗೇನು, ಸುಮ್ನೆ ಹೇಳ್ದೆ."

ಸುಮ್ಮನೆ ಹೇಳಿದಳಂತೆ! ನಾನು ಒಲೆಯ ಮೇಲಿದ್ದ ಆಡಿನ ಕರುಳಿನ ಸಾರನ್ನು ಮಡಕೆ ಸಮೇತ ಎತ್ತಿಕೊಂಡು ಗುಮೆರ್ಸಿಂದೊನ ಜೀಪಿನ ಹತ್ತಿರ ಹೋದೆ. ಅವನು ತಿಂದು ಕೈ ತೊಳೆದು, ಅವತ್ತು ಸಂಜೆ ನನ್ನನ್ನು ಮುಂದುಗಡೆ, ತನ್ನ ಯಂತ್ರದ ಪಕ್ಕದಲ್ಲೇ ಕೂರಿಸಿದ. ಅತ್ತೆಯೂ ಬಂದಳು.

ಮುಂದಿನಿಂದ ನೋಡಿದರೆ ಅದು ಎಡಗೈ.

ನನಗೆ ಹೆಚ್ಚು ಉರಿದದ್ದು ಏನು ಗೊತ್ತೇ? ಆ ಹೆಂಗಸಲ್ಲ, ಕೂಸೂ ಅಲ್ಲ. ಅವನು ಚಾಚಿದ ಕೈ. ಮದುವೆಯಾದಂದಿನಿಂದ ನನ್ನನ್ನು ಒಂದು ಕತ್ತೆಯ ಮೇಲಿಂದಲೂ ಹಾಗೆ ಇಳಿಸಿಕೊಂಡವನಲ್ಲ. ಮತ್ತೆ ಆ ತುಟಿ. ಅಷ್ಟೊಂದು ಮೆತ್ತಗೆ ಏನು ಹೇಳುತ್ತಿದ್ದ, ಯಾರಿಗೆ ಹೇಳುತ್ತಿದ್ದ?

"ಅವ್ನು ಏನ್ ಹೇಳ್ತಿದಾನೆ ಗುಮೆರ್ಸಿಂದೊ?"

"ಅದು ಕೇಳ್ಸಲ್ಲಮ್ಮ. ಅಲ್ಲಿ ಬರೀ ಚಿತ್ರ ತೆಗೀತಾರೆ. ಮಾತು ಆಮೇಲೆ ರಿಯೊದಲ್ಲಿ ಒಬ್ಬ ಕೂತ್ಕೊಂಡು ಹೇಳಿ ಮೇಲೆ ಹಾಕ್ತಾನೆ. ಅವ್ನು ಅಲ್ಲಿ ಬಾಯಿ ಬಡ್ಕೊಂಡ್ರೂ ಇಲ್ಲಿಗೆ ಬರಲ್ಲ."

ಮನೆಗೆ ಬಂದ ಮೇಲೆ ಅತ್ತೆ ಪೆಟ್ಟಿಗೆ ತೆರೆದು ತನ್ನ ಬಂಗಾರದ ಓಲೆ ತೆಗೆದು ನನ್ನ ಕೈಗಿಟ್ಟಳು. "ಮಾರು. ಮಕ್ಕಳನ್ನ ಕರ್ಕೊಂಡು ಹೋಗು. ಅವ್ನು ನನ್ನ ಹೊಟ್ಟೇಲಿ ಹುಟ್ಟಿದೋನು, ಅದಕ್ಕೇ ಹೇಳ್ತಿದೀನಿ. ನಾಲ್ಕು ಜನದ ಮುಂದೆ ಮರ್ಯಾದೆ ತೆಗಿ. ನನ್ನ ಪಾಲಿಂದು ಎರಡು ಏಟು ಜಾಸ್ತಿ ಹಾಕು."

ಸೊಸೆಯ ಕಡೆ ನಿಂತು ಮಗನಿಗೆ ಹೊಡೆಸುವ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾಳೆ? ಆ ಮುದುಕಿಯ ಋಣ ನಾನು ತೀರಿಸಲಿಲ್ಲ. ಅವಳು ಮೊಮ್ಮಕ್ಕಳ ತಲೆ ನೇವರಿಸಿ ಕಳಿಸಿಕೊಟ್ಟಳು. ಆಮೇಲೆ ನಾನು ಅವಳನ್ನು ನೋಡಲೇ ಇಲ್ಲ.

ಗಿಳಿಕೋಲಿನ ಪ್ರಯಾಣದ ಬಗ್ಗೆ ಹೇಳಲು ಹೋಗುವುದಿಲ್ಲ. ಹಲಗೆ, ಧೂಳು, ಒಣಮಾಂಸ, ಬೆಲ್ಲ, ಮರಗೆಣಸಿನ ಹಿಟ್ಟು. ಜೊತೆಯ ಹೆಂಗಸರು ಕನ್ನಿಮೇರಿಯ ಹಾಡು ಹೇಳುತ್ತಿದ್ದರೆ ನಾನು ಮನಸ್ಸಿನಲ್ಲೇ ಬೈಗುಳ ಜೋಡಿಸುತ್ತಿದ್ದೆ. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಅಳಬೇಕು, ಎಲ್ಲಿ ಅವನ ಅಂಗಿ ಹಿಡಿಯಬೇಕು, ಎಲ್ಲಾ ಸಿದ್ಧ ಮಾಡಿಕೊಂಡಿದ್ದೆ.

ಕೆಲಸಗಾರರು ಹಲಗೆಯಲ್ಲೇ ಕಟ್ಟಿಕೊಂಡಿದ್ದ ಮುಕ್ತನಗರ ಎಂಬಲ್ಲಿ ಲಾರಿ ನಿಂತಿತು. ನಮ್ಮ ಚಿತ್ರ ತೆಗೆಯಲು ಅಲ್ಲಿ ಯಾರೂ ಇರಲಿಲ್ಲ. ನಜರೆ ಮೊದಲು ಹಾರಿ ತಮ್ಮ ಡಮಿಯಾವ್‌ನನ್ನು ಇಳಿಸಿಕೊಂಡಳು, ನಾನು ಲಂಗ ಎತ್ತಿಕೊಂಡು ನನ್ನಷ್ಟಕ್ಕೆ ಇಳಿದೆ. ಎಲ್ಲಿ ನೋಡಿದರೂ ಗಂಡಸರು. ಬೆಲರ್ಮಿನೊನನ್ನು ಕೇಳಿದರೆ ಅವನಿಗೆ ಸುದ್ದಿ ಮುಟ್ಟಿ ಓಡಿಹೋದಾನು ಎಂದು ಬೇರೆ ರೀತಿ ಕೇಳಿದೆ.

"ಸಿನಿಮಾದಲ್ಲಿ ಲಾರಿಯಿಂದ ಇಳಿದ ಹೆಂಗಸು ಎಲ್ಲಿರ್ತಾಳೆ?"

"ಲಿಯೊಂಟಿನಾನಾ? ಸೀದಾ ಹೋಗಿ. ಊಟದ ವಾಸನೆ ಬರುತ್ತೆ."

ತಗಡಿನ ಮಾಡು, ಉದ್ದನೆಯ ಎರಡು ಬೆಂಚು, ಕುದಿಯುವ ಹುರುಳಿಯ ಹಂಡೆ. ಸಿನಿಮಾದಲ್ಲಿ ಕಂಡ ಮುಖವೇ ಸೌಟು ಹಿಡಿದು ನಿಂತಿತ್ತು. ಸಿನಿಮಾದ ಕೂಸು ಈಗ ಬೆಂಚು ಹಿಡಿದುಕೊಂಡು ನಡೆಯುತ್ತಿತ್ತು.

"ನನ್ ಗಂಡನ್ನ ಎಲ್ಲಿಟ್ಟಿದೀಯ?" ಎಂದೆ.

ಅವಳು ನನ್ನನ್ನು, ಮಕ್ಕಳನ್ನು, ನಮ್ಮ ಮೈಮೇಲಿನ ಧೂಳನ್ನು ನೋಡಿದಳು. "ಯಾವ ಗಂಡ ಅಮ್ಮಾ? ಇಲ್ಲಿ ಮಧ್ಯಾಹ್ನ ಆದ್ರೆ ನೂರು ಗಂಡಂದಿರು ಬರ್ತಾರೆ, ಎಲ್ರೂ ಹಸ್ಕೊಂಡಿರ್ತಾರೆ."

"ನಾಟಕ ಆಡ್ಬೇಡ. ಬೆಲರ್ಮಿನೊ. ಕೈ ಹಿಡ್ಕೊಂಡು ಇಳ್ದೆಯಲ್ಲ! ಇಡೀ ಪೊಸೊ ದ ಕ್ರೂಸ್ ನೋಡಿದೆ. ನಮ್ಮತ್ತೆ ನೋಡಿದಾಳೆ. ಈ ಮಕ್ಕಳು ನೋಡಿದಾವೆ."

ಅವಳ ಸೌಟು ನಿಂತಿತು. "ನೀನು... ಕಿಟೇರಿಯಾನಾ?"

"ಹೆಸರು ಬೇರೆ ಹೇಳಿದಾನಾ ನಿಂಗೆ?"

"ಅಯ್ಯೋ ದೇವ್ರೇ," ಎಂದು ಅವಳು ಸೌಟನ್ನು ಹಂಡೆಗೇ ಬಿಟ್ಟು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. "ಮೊದ್ಲು ಕೂತ್ಕೋ. ಮಕ್ಕಳಿಗೆ ಅನ್ನ ಹಾಕ್ತೀನಿ. ಆಮೇಲೆ ನನ್ ಕೂದಲು ಹಿಡ್ದು ಎಳಿ, ಬೇಡ ಅನ್ನಲ್ಲ."

ನಾನು ಕೂರಲಿಲ್ಲ. ಮಕ್ಕಳು ಕೂತವು. ಅನ್ನ, ಹುರುಳಿ, ಮೇಲೆ ಒಂದೊಂದು ಮೊಟ್ಟೆ ಹಾಕಿದಳು. ಡಮಿಯಾವ್ ಮೊಟ್ಟೆಯನ್ನು ಕೊನೆಗೆಂದು ಬದಿಗಿಟ್ಟುಕೊಂಡದ್ದನ್ನು ನೋಡಿ ಇನ್ನೊಂದು ಹಾಕಿದಳು. ನನ್ನ ಮಕ್ಕಳು ಅವಳ ಕೈಯಿಂದ ತಿನ್ನುತ್ತಿರುವುದನ್ನು ನೋಡಿ ನನಗೆ ಸಿಟ್ಟೂ ಬಂತು, ಹಸಿವೂ ಆಯಿತು. ಕೊನೆಗೆ ನಾನೂ ಕೂತೆ.

ಅವಳು ಹೇಳಿದ್ದು ಇಷ್ಟು. ಆ ಚಿತ್ರ ತೆಗೆದವನು ಆನ್ಸೆಲ್ಮೊ ಎಂಬ ಕನ್ನಡಕದ ಯುವಕ. ಕುಟುಂಬಗಳು ಬರುತ್ತಿರುವುದನ್ನು ತೋರಿಸಬೇಕು ಎಂದು ಅವನಿಗೆ ಮೇಲಿನಿಂದ ಆಜ್ಞೆ. ಆದರೆ ಬರುತ್ತಿದ್ದವರೆಲ್ಲ ಒಂಟಿ ಗಂಡಸರು. ಶಿಬಿರಗಳಲ್ಲಿ ಹೆಂಡತಿ ಮಕ್ಕಳಿಗೆ ಜಾಗವೇ ಇರಲಿಲ್ಲ. ಹೀಗಾಗಿ ಅವನು ಒಂದು ಖಾಲಿ ಲಾರಿ ಎರವಲು ಪಡೆದು, ಎಂದೋ ಬಂದವರನ್ನೇ ಅದರ ಮೇಲೆ ಹತ್ತಿಸಿ, ಮತ್ತೆ ಹೊಸದಾಗಿ ಬಂದಂತೆ ಇಳಿಸುತ್ತಿದ್ದ. ಲಿಯೊಂಟಿನಾಗೆ ಕೂಸಿತ್ತು, ಹಾಗಾಗಿ ಅವಳು ಹೆಂಡತಿ. ಅವಳ ಗಂಡ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡು ಆಗ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

"ಗಂಡ ಆಗೋಕೆ ಯಾರೂ ಒಪ್ಲಿಲ್ಲ," ಎಂದಳು. "ಊರಲ್ಲಿ ಹೆಂಡ್ತಿ ನೋಡ್ಬಿಟ್ರೆ ಅಂತ ಎಲ್ರಿಗೂ ಭಯ. ನಿನ್ ಗಂಡ ಒಬ್ನೇ ಓಡ್ಬಂದ. ಯಾಕೆ ಗೊತ್ತಾ? ಅದೇ ಕಾರಣಕ್ಕೆ. ಈ ಸಿನಿಮಾ ಉತ್ತರದ ಊರೂರಲ್ಲಿ ತೋರಿಸ್ತಾರೆ ಅಂತ ಆನ್ಸೆಲ್ಮೊ ಹೇಳಿದ್ದ. ನನ್ ಹೆಂಡ್ತಿ ನೋಡ್ತಾಳೆ, ನಾನು ಬದುಕಿದೀನಿ ಅಂತ ಗೊತ್ತಾಗುತ್ತೆ ಅಂದ."

ನಾನು ತುತ್ತು ಕೈಯಲ್ಲೇ ಹಿಡಿದು ಕೂತಿದ್ದೆ.

"ನನ್ ಕೈ ಹಿಡಿಯೋಕೂ ಬರ್ತಿರ್ಲಿಲ್ಲ ಅವನಿಗೆ. ಕೋಳಿ ಹಿಡಿದಂಗೆ ಹಿಡೀತಿದ್ದ. ಆನ್ಸೆಲ್ಮೊನೇ ತಾನು ಇಳಿದು ತೋರಿಸಿಕೊಟ್ಟ, ಹೀಗೆ ಮೆತ್ತಗೆ ಚಾಚ್ಬೇಕು ಅಂತ. ಮತ್ತೆ ಮತ್ತೆ ಮಾಡಿಸ್ದ. ಯಾಕಂದ್ರೆ ಇವ್ನು ಕೂಸು ಎತ್ಕೊಂಡ ತಕ್ಷಣ ತಿರುಗಿ ಕ್ಯಾಮೆರಾ ನೋಡಿ ಮಾತಾಡೋಕೆ ಶುರು ಮಾಡ್ತಿದ್ದ. ಆ ಕಡೆ ನೋಡ್ಬೇಡಪ್ಪಾ, ಹೆಂಡ್ತಿನ ನೋಡು ಅಂತ ಆನ್ಸೆಲ್ಮೊ ಕಿರುಚ್ದ. ಇವ್ನು ಏನಂದ ಗೊತ್ತಾ? ಕ್ಯಾಮೆರಾ ಕಡೆ ಬೆರಳು ತೋರಿಸಿ, ಹೆಂಡ್ತಿನೇ ನೋಡ್ತಿದೀನಿ ಸ್ವಾಮಿ, ಅಂದ."

ಅಳು ಬಂತು. ಲಾರಿಯಲ್ಲಿ ಯಾವಾಗ ಅಳಬೇಕೆಂದು ಸಿದ್ಧ ಮಾಡಿಕೊಂಡಿದ್ದೆನೋ ಆ ಜಾಗದಲ್ಲಿ ಅಲ್ಲ, ಅವಳ ಹುರುಳಿ ತಟ್ಟೆಯ ಮುಂದೆ ಅತ್ತುಬಿಟ್ಟೆ.

"ಏನ್ ಮಾತಾಡ್ದ?" ಎಂದು ಕೇಳಿದೆ.

"ಪ್ರತಿ ಸಲ ಒಂದೇ ಮಾತು. ಪಕ್ಕದಲ್ಲೇ ನಿಂತು ಕೇಳಿ ಕೇಳಿ ನಂಗೂ ಬಾಯಿಪಾಠ ಆಗೋಯ್ತು." ಅವಳು ಗಂಡಸಿನ ದನಿ ಮಾಡಿ ಹೇಳಿದಳು. ಹೇಳುವಾಗ ಅವಳ ಕಣ್ಣೂ ತುಂಬಿತು. "ಫಿಲಂ ಮುಗಿದುಹೋಯ್ತು ಅಂತ ಆನ್ಸೆಲ್ಮೊ ಕೊನೆಗೆ ಹಾಗೇ ಬಿಟ್ಟ. ಮಾತು ಯಂತ್ರದೊಳಗೆ ಹೋಗಲ್ಲ ಅಂತ ನಿನ್ ಗಂಡನಿಗೆ ಹೇಳೋಕೆ ಅವನಿಗೆ ಮನಸ್ಸು ಬರ್ಲಿಲ್ಲ. ನಂಗೂ ಬರ್ಲಿಲ್ಲ. ಆಮೇಲೆ ಜೊತೆಗಾರರು ಹೇಳಿದ್ರು, ದಿನಾ ರೇಗಿಸ್ತಾರೆ. ಇವ್ನು ನಂಬಲ್ಲ. ಬಾಯಿ ಆಡಿದ್ದು ಕಂಡ್ರೆ ಮಾತೂ ಕೇಳ್ಸಲೇಬೇಕು ಅಂತ ವಾದ ಮಾಡ್ತಾನೆ. ಅವತ್ತಿಂದ ಒಂದು ಲಾರಿ ಬಿಟ್ಟಿಲ್ಲ ಕಣಮ್ಮಾ. ಕೆಲಸ ಬಿಟ್ಟ ಕೂಡ್ಲೇ ಹೋಗಿ ನಿಂತ್ಕೋತಾನೆ, ಇಳಿಯೋರ ಮುಖ ಎಲ್ಲ ನೋಡಿ ಆಮೇಲೆ ಇಲ್ಲಿಗೆ ಕಾಫಿಗೆ ಬರ್ತಾನೆ. ನೀವು ಹಗಲು ಹೊತ್ತಲ್ಲಿ ಬಂದ್ರಿ, ಅದಕ್ಕೇ ತಪ್ಪಿಹೋಯ್ತು."

ಕೂಸಿನ ಮೂಗು ಒರೆಸುತ್ತಾ ಅವಳೇ ಹೇಳಿದಳು: "ನನ್ನೋನು ಯಾವ ಸಿನಿಮಾದಲ್ಲೂ ಇಲ್ಲ."

ನಾನು ಎದ್ದು ಹಂಡೆಯಲ್ಲಿದ್ದ ಸೌಟು ತೆಗೆದುಕೊಂಡೆ. ಊಟದ ಹೊತ್ತಾಗಿ ಗಂಡಸರು ಬರಲು ಶುರುವಾಗಿತ್ತು. ಅವಳು ತಟ್ಟೆ ತೊಳೆದಳು, ನಾನು ಬಡಿಸಿದೆ. ಕೂದಲು ಹಿಡಿದು ಎಳೆಯಲು ಬಂದವಳು ಸಂಜೆಯವರೆಗೆ ಅವಳ ಅಂಗಡಿಯಲ್ಲಿ ದುಡಿದೆ. ಮುಂದೆ ನನ್ನ ಕೊನೆಯ ಮಗಳಿಗೆ ಜ್ಞಾನಸ್ನಾನ ಮಾಡಿಸುವಾಗ ಧರ್ಮತಾಯಿಯಾಗಿ ಕೂಸನ್ನು ಹಿಡಿದವಳು ಇದೇ ಲಿಯೊಂಟಿನಾ. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ. ಆ ಕೊರತೆ ಅವತ್ತೇ ನೀಗಿತು.

ಸಂಜೆ ಬಿಸಿಲು ಇಳಿಯುವಾಗ ಸೆಂಟ್ರಿಂಗ್ ಬಡಗಿಗಳ ಗುಂಪು ಬಂತು. ಕಾಂಕ್ರೀಟ್ ಸುರಿಯಲು ಹಲಗೆಯ ಅಚ್ಚು ಕಟ್ಟಿ, ಗಟ್ಟಿಯಾದ ಮೇಲೆ ಕಿತ್ತುಹಾಕುವುದು ಇವರ ಕೆಲಸ. ಮೈಯೆಲ್ಲ ಸಿಮೆಂಟು. ಮುಂದೆ ಬರುತ್ತಿದ್ದವನು ತಿಬೂರ್ಸಿಯೊ, ನನ್ನ ಗಂಡನ ಜೋಡಿದಾರ. ಅವನ ನಾಲಗೆಗೆ ಎಲುಬಿಲ್ಲ ಎಂಬುದು ಮುಕ್ತನಗರಕ್ಕೆಲ್ಲ ಗೊತ್ತಿತ್ತು.

"ಲಿಯೊಂಟಿನಾ, ಸಿನಿಮಾ ಹೀರೋಗೆ ಒಂದು ಕಾಫಿ ಕೊಡವ್ವಾ! ಇವತ್ತೂ ಲಾರಿ ನೋಡೋಕೆ ಹೋಗಿದ್ದ. ಇವತ್ತೂ ಹೀರೋಯಿನ್ ಬರ್ಲಿಲ್ಲ. ಪಾಪ, ಪರೈಬಾದಲ್ಲಿ ಎಲ್ರಿಗೂ ಕಿವುಡು!"

"ನಕ್ಕೊಳ್ರೋ, ನಕ್ಕೊಳ್ಳಿ," ಎಂದ ದನಿ ನನ್ನ ಗಂಡನದು.

ಅವನು ಸಣ್ಣಗಾಗಿದ್ದ. ಮೀಸೆಯಲ್ಲಿ ಧೂಳು. ಮೊದಲು ಮಕ್ಕಳನ್ನು ನೋಡಿದ, ಆಮೇಲೆ ಸೌಟು ಹಿಡಿದು ನಿಂತ ನನ್ನನ್ನು ನೋಡಿದ. ಟೋಪಿ ಕೈಯಿಂದ ಬಿತ್ತು. ನಜರೆ ಓಡಿ ಹೋಗಿ ಅವನ ಸೊಂಟ ತಬ್ಬಿಕೊಂಡಳು. ಡಮಿಯಾವ್ ಅವನು ಹೋದಾಗ ಎಳೆಗೂಸು, ಗುರುತು ಸಿಗದೆ ನನ್ನ ಲಂಗದ ಹಿಂದೆ ನಿಂತ.

ಬೆಲರ್ಮಿನೊ ನನ್ನ ಹತ್ತಿರ ಬರಲಿಲ್ಲ. ಇಬ್ಬರ ನಡುವೆ ಬೆಂಚು ಇತ್ತು. ಅಲ್ಲಿಂದಲೇ ಕೇಳಿದ.

"ಕೇಳ್ಸ್ತಾ?"

ಲಾರಿಯುದ್ದಕ್ಕೂ ಜೋಡಿಸಿದ ಬೈಗುಳ ನನ್ನ ನಾಲಗೆಯ ಮೇಲೇ ಇತ್ತು, ಅತ್ತೆಯ ಪಾಲಿನ ಎರಡು ಏಟು ಬೇರೆ. ಏನೂ ಕೇಳಿಸಲಿಲ್ಲ ಕಣೋ, ನಿನಗೆ ಹೊಡೆಯಲು ಬಂದೆ ಎಂದರೆ ಅದು ಸತ್ಯವೇ. ತಿಬೂರ್ಸಿಯೊ ಹಲ್ಲು ಕಿರಿದು ಕಾಯುತ್ತಿದ್ದ. ಎಷ್ಟು ಸಂಜೆ ಇವನು ಇವರ ನಗೆ ಕೇಳಿಸಿಕೊಂಡು ಲಾರಿಯ ಹತ್ತಿರ ನಿಂತಿದ್ದನೋ. ಲಿಯೊಂಟಿನಾ ಒಲೆಯ ಕಡೆ ತಿರುಗಿಕೊಂಡಳು.

"ಕೇಳ್ಸ್ತು," ಎಂದೆ.

ಬೆಲರ್ಮಿನೊ ತಿಬೂರ್ಸಿಯೊನ ಕಡೆ ತಿರುಗಿದ. "ಏನ್ ಕೇಳ್ಸ್ತು ಅಂತ ಹೇಳು ಇವನಿಗೆ. ಎಲ್ಲಾ ಹೇಳು."

ನಾನು ಸೌಟನ್ನು ಕೆಳಗಿಟ್ಟೆ. ಲಿಯೊಂಟಿನಾ ಹೇಳಿಕೊಟ್ಟದ್ದನ್ನು ಒಂದಕ್ಷರ ತಪ್ಪದೆ ಒಪ್ಪಿಸಿದೆ.

"ಕಿಟೇರಿಯಾ, ನಾನು ಚೆನ್ನಾಗಿದೀನಿ. ಈ ಹೆಂಗಸು ಯಾರೂ ಅಲ್ಲ, ಪಾಪ ಗಂಡ ಸತ್ತವಳು. ಮನೆಗೆ ಹಲಗೆ ಕೂಡಿಡ್ತಾ ಇದೀನಿ. ಮಕ್ಕಳನ್ನ ಕರ್ಕೊಂಡು ಬಾ. ಅವ್ವಂಗೆ ಹೇಳಿ ಬಾ."

ತಿಬೂರ್ಸಿಯೊ ನಿಧಾನಕ್ಕೆ ಟೋಪಿ ತೆಗೆದ. "ಅಷ್ಟೂ ಕೇಳ್ಸ್ತಾ ಅಕ್ಕಾ?" ಎಂದ.

"ಅಷ್ಟೂ ಕೇಳ್ಸ್ತು," ಎಂದೆ. "ಅದಕ್ಕೇ ಬಂದೆ."